ಕೋರ್ಟ್ ಬಿಟ್ಟು ಕಳಿಸಿದ ಮೇಲೂ ಕ್ಲೆಮೆನ್ಸ್ ಮೇಲೆ ಅನುಮಾನ ಯಾಕೆ?

ಓದುಗರ ಪ್ರಶ್ನೆ: ಬೇಸ್‌ಬಾಲ್ ಆಟಗಾರ ರೋಜರ್ ಕ್ಲೆಮೆನ್ಸ್ ಸ್ಟೀರಾಯ್ಡ್ ತಗೊಂಡಿದ್ದರು ಅಂತ ಈಗಲೂ ಬರೀತಾರೆ. ಆದರೆ ಕೋರ್ಟ್ ಅವರನ್ನು ಬಿಡುಗಡೆ ಮಾಡಿತ್ತಲ್ಲ? ಯಾವುದನ್ನು ನಂಬೋದು?

ಮೊದಲಿಗೆ, ಅವರ ಮೇಲೆ ಬಿದ್ದ ಕೇಸು ಡ್ರಗ್ಸ್ ತಗೊಂಡಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಬೇಸ್‌ಬಾಲ್‌ನಲ್ಲಿ ಡ್ರಗ್ಸ್ ಬಳಕೆ ಬಗ್ಗೆ ತನಿಖೆ ಮಾಡಿ 2007ರ ಡಿಸೆಂಬರ್‌ನಲ್ಲಿ ಬಂದ ಮಿಚೆಲ್ ವರದಿಯಲ್ಲಿ ಅವರ ಹೆಸರಿತ್ತು. ಎರಡು ತಿಂಗಳಾದ ಮೇಲೆ ಅಮೆರಿಕದ ಸಂಸತ್ ಸಮಿತಿ ಮುಂದೆ ಪ್ರಮಾಣ ಮಾಡಿ, ಸ್ಟೀರಾಯ್ಡ್ ಆಗಲಿ ಗ್ರೋತ್ ಹಾರ್ಮೋನ್ ಆಗಲಿ ನಾನು ತಗೊಂಡೇ ಇಲ್ಲ ಅಂದರು. ಅದು ಸುಳ್ಳು ಅಂತ 2010ರಲ್ಲಿ ಸರ್ಕಾರ ಆರು ಆರೋಪ ಹೊರಿಸಿತು.

ಫೇಲ್ ಆದ ಡ್ರಗ್ ಟೆಸ್ಟ್ ಒಂದೂ ಇರಲಿಲ್ಲ. ಇಡೀ ಕೇಸು ನಿಂತಿದ್ದು ಅವರ ಹಳೇ ಟ್ರೇನರ್ ಬ್ರಯಾನ್ ಮೆಕ್‌ನಾಮಿ ಮಾತಿನ ಮೇಲೆ. ಇಂಜೆಕ್ಷನ್ ಕೊಟ್ಟಿದ್ದು ನಾನೇ ಅಂತ ಅವರು ಹೇಳಿದರು. ಕೊಟ್ಟಿದ್ದು ನಿಜ, ಆದರೆ ಅದು ಬಿ12 ವಿಟಮಿನ್ ಮತ್ತು ನೋವಿನ ಔಷಧಿ ಅಂತ ಕ್ಲೆಮೆನ್ಸ್ ವಾದ. ಮೆಕ್‌ನಾಮಿ ಹತ್ತಿರ ಇನ್ನೊಂದು ಸಾಕ್ಷ್ಯವೂ ಇತ್ತು: 2001ರಲ್ಲಿ ಬಳಸಿದ ಸೂಜಿ, ಹತ್ತಿಯನ್ನೆಲ್ಲ ಮಿಲ್ಲರ್ ಲೈಟ್ ಬಿಯರ್ ಕ್ಯಾನ್‌ಗೆ ತುರುಕಿ, ಅದನ್ನು ಫೆಡ್‌ಎಕ್ಸ್ ಡಬ್ಬದಲ್ಲಿ ಹಾಕಿ, ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡಿದ್ದರು. ಅದರಲ್ಲಿ ಕ್ಲೆಮೆನ್ಸ್ ಡಿಎನ್‌ಎ ಸಿಕ್ಕಿತು, ಸರಿ. ಆದರೆ ಇಷ್ಟು ದಿನ ಬಿಯರ್ ಕ್ಯಾನ್‌ನಲ್ಲಿ ಬಿದ್ದಿದ್ದ ಕಸಕ್ಕೆ ಯಾರು ಏನು ಸೇರಿಸಿರಬಹುದು ಅಂತ ಡಿಫೆನ್ಸ್ ವಕೀಲರು ಕೇಳದೆ ಬಿಡ್ತಾರಾ? ಹೆಂಡತಿಯ ಒತ್ತಾಯಕ್ಕೆ ಇದನ್ನೆಲ್ಲ ಎತ್ತಿಟ್ಟೆ ಅಂತ ಮೆಕ್‌ನಾಮಿ ಹೇಳಿದ್ದರು. ಅವರಿಂದ ದೂರವಾಗಿದ್ದ ಅದೇ ಹೆಂಡತಿ ಕೋರ್ಟಿಗೆ ಬಂದು ಅವರ ಹಲವು ಮಾತಿಗೆ ಉಲ್ಟಾ ಹೊಡೆದರು.

ಆದರೂ ಸರ್ಕಾರದ ಕೇಸಿಗೆ ನಿಜವಾದ ಪೆಟ್ಟು ಬಿದ್ದಿದ್ದು ಆಂಡಿ ಪೆಟಿಟ್ ಕಡೆಯಿಂದ. ಇವರು ಕ್ಲೆಮೆನ್ಸ್ ಗೆಳೆಯ, ಜೊತೆಗೇ ಆಡಿದವರು, ದ್ವೇಷಕ್ಕೆ ಹೇಳಿದರು ಅನ್ನೋ ಹಾಗೇ ಇಲ್ಲ. 1999 ಅಥವಾ 2000ದಲ್ಲಿ ವರ್ಕೌಟ್ ಮಾಡುವಾಗ, ಗ್ರೋತ್ ಹಾರ್ಮೋನ್ ತಗೊಂಡಿದ್ದೀನಿ ಅಂತ ಕ್ಲೆಮೆನ್ಸ್ ತಮಗೆ ಹೇಳಿದ್ದರು ಅಂದರು. ಪಾಟೀ ಸವಾಲಿನಲ್ಲಿ, ನೀವು ತಪ್ಪು ತಿಳ್ಕೊಂಡಿರೋ ಸಾಧ್ಯತೆ ಫಿಫ್ಟಿ-ಫಿಫ್ಟಿ ಅನ್ನಬಹುದಾ ಅಂತ ಕೇಳಿದಾಗ ಹೌದು ಅಂದುಬಿಟ್ಟರು. ಅಲ್ಲಿಗೆ ಮುಗೀತು, ಅಲ್ವಾ? ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾದ ಕೇಸಿನಲ್ಲಿ ಅರ್ಧಕ್ಕರ್ಧ ಸಂಶಯ!

ಇದಕ್ಕೂ ಮೊದಲು 2011ರಲ್ಲಿ ನಡೆದ ವಿಚಾರಣೆ ಶುರುವಾದ ಕೂಡಲೇ ರದ್ದಾಗಿತ್ತು, ಕೋರ್ಟ್ ಬೇಡ ಅಂದಿದ್ದ ವಿಡಿಯೋವನ್ನು ಸರ್ಕಾರಿ ವಕೀಲರು ಜೂರಿಗೆ ತೋರಿಸಿದ್ದಕ್ಕೆ. ಎರಡನೇ ವಿಚಾರಣೆ ಎಷ್ಟು ಎಳೀತು ಅಂದರೆ ನಿದ್ದೆ ಹೊಡೆದ ಇಬ್ಬರು ಜೂರಿ ಸದಸ್ಯರನ್ನು ಮನೆಗೆ ಕಳಿಸಬೇಕಾಯ್ತು. 2012ರ ಜೂನ್ 18ರಂದು ಆರೂ ಆರೋಪಗಳಿಂದ ಕ್ಲೆಮೆನ್ಸ್ ಖುಲಾಸೆ.

ನನ್ನನ್ನು ಕೇಳಿದರೆ ತೀರ್ಪು ಸರಿಯಾಗಿಯೇ ಇತ್ತು, ಇಂಥ ಸಾಕ್ಷಿ ನಂಬಿ ಯಾರನ್ನೂ ಜೈಲಿಗೆ ಹಾಕೋಕಾಗಲ್ಲ. ಆದರೆ ಜೂರಿ ಹೇಳಿದ್ದು 'ಸಾಬೀತಾಗಲಿಲ್ಲ' ಅಂತ ಅಷ್ಟೇ. ಅವರು ತಗೊಂಡಿದ್ದರೋ ಇಲ್ಲವೋ ಅನ್ನೋದು ಹಾಗೇ ಉಳಿಯಿತು. ಬೇಸ್‌ಬಾಲ್‌ನ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಓಟು ಹಾಕೋ ಬೇಸ್‌ಬಾಲ್ ಬರಹಗಾರರಿಗೆ ಕೋರ್ಟಿನ ನಿಯಮ ಲೆಕ್ಕಕ್ಕಿಲ್ಲ, ಸುಮ್ನೆ ಅನುಮಾನ ಇದ್ದರೂ ಸಾಕು. ವರ್ಷದ ಅತ್ಯುತ್ತಮ ಪಿಚರ್‌ಗೆ (ಚೆಂಡು ಎಸೆಯುವ ಆಟಗಾರನಿಗೆ) ಕೊಡೋ ಸೈ ಯಂಗ್ ಪ್ರಶಸ್ತಿಯನ್ನು ಏಳು ಸಲ ಗೆದ್ದ ಕ್ಲೆಮೆನ್ಸ್‌ಗೆ 2022ರಲ್ಲಿ, ಈ ಬರಹಗಾರರ ಓಟಿನಿಂದ ಆಯ್ಕೆಯಾಗೋ ಕೊನೇ ಅವಕಾಶದಲ್ಲಿ, ಸಿಕ್ಕಿದ್ದು ಶೇ. 65.2 ಓಟು. ಬೇಕಿದ್ದದ್ದು ಶೇ. 75.