ಉಪ್ಪಿನ ಭರಣಿ ಮತ್ತು ಬಾವಿಯೊಳಗಿನ ಜರಿಗಿಡ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಮಳೆಯಲ್ಲಿ, ಉಪ್ಪಿನ ಭರಣಿಗೆ ಚಮಚ ಹಾಕಿದರೆ ಹರಳು ಬರುವುದಿಲ್ಲ, ಕೆಸರು ಬರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಶುದ್ಧ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಕಲ್ಲುಪ್ಪಿಗೆ ಅಷ್ಟು ತಾಳ್ಮೆಯೂ ಇಲ್ಲ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ. 33ರಲ್ಲೇ ನೀರೂರಲು ಶುರುಮಾಡುತ್ತದೆ.

ಇದರಿಂದ ಒಂದು ಉಪಕಾರವಿದೆ. ಗಿಡದ ಪಕ್ಕ ಇಡಲೆಂದು ಕೊಳ್ಳುವ ಅಗ್ಗದ ತೇವಾಂಶ ಮಾಪಕ ನಿಜ ಹೇಳುತ್ತದೋ ಸುಳ್ಳೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಪುಡಿಯುಪ್ಪು ಹಾಕಿ, ಕೆಸರಾಗುವಷ್ಟು ನೀರು ಹನಿಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 69 ತೋರಿಸಿತು. ಅಂದಿನಿಂದ 6 ಕೂಡಿಸಿಯೇ ಓದುತ್ತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಒಂದು ಜರಿಗಿಡ. ಕರಿ ಕೂದಲೆಳೆಯಂಥ ದಂಟು, ಬೆರಳುಗುರಿನಷ್ಟು ಎಲೆ. ನರ್ಸರಿಯವರು ಮೇಡನ್‌ಹೇರ್ ಎಂದು ಹೆಸರಿಟ್ಟು ದುಡ್ಡು ಎಣಿಸುತ್ತಾರೆ. ನಮ್ಮಲ್ಲಿ ಈ ಜಾತಿಯ ಜರಿಗಿಡ ಬಾವಿಯ ಮುರಕಲ್ಲಿನ ಸಂದಿಯಲ್ಲಿ, ಸುರಂಗದ ಬಾಯಿಯಲ್ಲಿ ತಾನಾಗಿ ಬರುತ್ತದೆ. ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಕಾಸರಗೋಡಿನ ಈ ಸುರಂಗಗಳೊಳಗೆ ಬಿಸಿಲಿಲ್ಲ, ಬೀಸುಗಾಳಿಯಿಲ್ಲ, ಗೋಡೆ ಸದಾ ಜಿನುಗುತ್ತಿರುತ್ತದೆ. ಜರಿಗಿಡಕ್ಕೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆ ಬೇಕೆ?

ಅಲ್ಲಿಂದ ಒಂದು ಬುಡ ಕಿತ್ತು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯ ಗೆಳತಿಗೆ ಕೊಟ್ಟೆ. ಏಪ್ರಿಲ್ ಕೊನೆಗೆ ಫೋನ್ ಬಂತು: “ದಿನಾ ನಾಕ್ ಸಲ ನೀರ್ ಹೊಡಿತೀನಿ, ಆದ್ರೂ ಅಂಚೆಲ್ಲಾ ಸುಟ್ಟಂಗ್ ಆಗ್ಯಾವ ನೋಡ್ರಿ.”

ಎಲೆಯೊಳಗಿನ ಗಾಳಿ ಹೆಚ್ಚುಕಡಿಮೆ ಪೂರ್ತಿ ತೇವದಿಂದ ತುಂಬಿರುತ್ತದೆ. ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸೂಕ್ಷ್ಮ ತೂತು, ತೆರೆದೊಡನೆ ಹೊರಗಿನ ಗಾಳಿ ಆ ತೇವವನ್ನು ಹೀರುತ್ತದೆ. ಎಷ್ಟು ಜೋರಾಗಿ ಹೀರುತ್ತದೆ ಎಂಬುದನ್ನು ಶೇಕಡಾವಾರು ಅಂಕಿ ಪೂರ್ತಿ ಹೇಳುವುದಿಲ್ಲ. ಬಿಸಿಯಾದಷ್ಟೂ ಗಾಳಿ ಹೆಚ್ಚು ನೀರಾವಿ ಹಿಡಿಯಬಲ್ಲದು: ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 30ರಲ್ಲಿ 30 ಗ್ರಾಂ, 40ರಲ್ಲಿ 51 ಗ್ರಾಂ. ಶೇ. 50 ಎಂದರೆ ಹಿಡಿಯಬಲ್ಲದ್ದರಲ್ಲಿ ಅರ್ಧ ಮಾತ್ರ ತುಂಬಿದೆ ಎಂದರ್ಥ. ಹಾಗಾಗಿ ಆಗ 20 ಡಿಗ್ರಿಯ ತಣ್ಣನೆಯ ಕೋಣೆಯ ಗಾಳಿಗೆ ಇನ್ನು 8–9 ಗ್ರಾಂ ಕೊರತೆ, 40 ಡಿಗ್ರಿಯ ಬೇಸಿಗೆಯ ಕೋಣೆಯ ಗಾಳಿಗೆ 25 ಗ್ರಾಂ. ಅಂಕಿ ಒಂದೇ, ದಾಹ ಮೂರು ಪಟ್ಟು. ತಣ್ಣನೆಯ ದೇಶಗಳಲ್ಲಿ ಹುಟ್ಟಿದ ‘ಐವತ್ತಿದ್ದರೆ ಸಾಕು’ ಎಂಬ ಸಲಹೆ ನಮ್ಮ ಮೇ ತಿಂಗಳಲ್ಲಿ ಕೈಕೊಡುವುದು ಇಲ್ಲೇ.

ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮಲ್ಲಿ 32 ಡಿಗ್ರಿ, ಶೇ. 75 ಎಂದಿಟ್ಟುಕೊಳ್ಳಿ, ಕೊರತೆ ಎಂಟೂವರೆ ಗ್ರಾಂ. ಅಕ್ಕಲಕೋಟೆಯಲ್ಲಿ 40 ಡಿಗ್ರಿ, ಶೇ. 20 ಆದರೆ 41 ಗ್ರಾಂ. ಐದು ಪಟ್ಟು! ಬೇರು ಎಷ್ಟೇ ನೀರೆತ್ತಿದರೂ ಎಲೆಯ ಅಂಚಿಗೆ ಮುಟ್ಟುವ ಮೊದಲೇ ಖರ್ಚು.

ಹಾಗಾದರೆ ಸ್ಪ್ರೇ ಬಾಟಲಿ? ಅವಳ ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರ. 34 ಘನ ಮೀಟರ್. ಆ ಗಾಳಿಯನ್ನು ಶೇ. 20ರಿಂದ 50ಕ್ಕೆ ಏರಿಸಲು ಅರ್ಧ ಲೀಟರ್ ನೀರು ಆವಿಯಾಗಬೇಕು. ನಾಲ್ಕು ಸಲ ಪುಸ್ ಎಂದರೆ ಹೆಚ್ಚೆಂದರೆ ಹತ್ತು ಗ್ರಾಂ. ಕಿಟಕಿ ತೆರೆದರೆ ಅದೂ ಹೊರಗೆ. ಇದರ ಮೇಲೆ ಒಂದು ತಮಾಷೆ: ಈ ಗಿಡದ ಶಾಸ್ತ್ರೀಯ ಹೆಸರು ಅಡಿಯಾಂಟಮ್, ಗ್ರೀಕ್ ಮೂಲದಲ್ಲಿ ‘ಒದ್ದೆಯಾಗದ್ದು’ ಎಂದರ್ಥ. ಹೊಡೆದ ನೀರು ಮಣಿಯಾಗಿ ಉರುಳಿಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬಿಳಿ ಕಲೆ ಮಾತ್ರ ಉಳಿಯುತ್ತದೆ. ಬೆಣಚುಕಲ್ಲು ಹರಡಿದ ತಟ್ಟೆಯಲ್ಲಿ ನೀರಿಟ್ಟು ಗಿಡದ ಕೆಳಗಿಡುವುದೂ ಅಷ್ಟೇ. ಒಂದು ಗೇಣು ಮೇಲೆ ಹೋಗುವಷ್ಟರಲ್ಲಿ ಅದರ ಪ್ರಭಾವ ಮುಗಿದಿರುತ್ತದೆ.

ಗಾಳಿ ತೇವವಾಗಿರುವುದು ಬೇರೆ, ಎಲೆ ಒದ್ದೆಯಾಗಿರುವುದು ಬೇರೆ. ಅಡಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಅಡಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಾರಲ್ಲ, ಅದರಿಂದ ಗಾಳಿಯ ತೇವ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕಾಯಿಯ ಮೇಲೆ ನೀರು ನಿಲ್ಲುವುದು ತಪ್ಪುತ್ತದೆ. ರೋಗದ ಬೀಜಾಣುಗಳಿಗೆ ಈಜಲು ಆ ನೀರೇ ಬೇಕು.

ಕೋಣೆಯ ಗಾಳಿಯನ್ನೇ ಬದಲಿಸುವೆನೆಂದರೆ ಸೋಲಾಪುರ ಕಡೆಯ ಮನೆಗಳ ಕೂಲರ್ ಇದೆ. ಅದು ಗಂಟೆಗೆ ಲೀಟರ್‌ಗಟ್ಟಲೆ ನೀರು ಆವಿ ಮಾಡುತ್ತದೆ, ಜೊತೆಗೆ ಗಾಳಿಯನ್ನು ತಣಿಸುತ್ತದೆ. ಕೊರತೆ ಎರಡೂ ಕಡೆಯಿಂದ ಇಳಿಯುತ್ತದೆ. ಗಿಡ ಅದರ ನೇರ ಬೀಸಿಗೆ ಸಿಗಬಾರದು ಅಷ್ಟೆ. ಒಣ ಗಾಳಿಯಲ್ಲಿ ನೂಲು ಪಟಪಟ ಹರಿಯುತ್ತದೆಂದು ಹತ್ತಿ ಗಿರಣಿಗಳ ನೇಯ್ಗೆ ಶೆಡ್ಡಿನಲ್ಲಿ ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಆದರೆ ಒಂದು ಜರಿಗಿಡಕ್ಕಾಗಿ ಹಗಲಿಡೀ ಕೂಲರ್?

ಗಾಳಿಯನ್ನೇ ಚಿಕ್ಕದು ಮಾಡುವುದು ಜಾಣತನ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿಟ್ಟು ಬಾಟಲಿ ಮುಚ್ಚಿದ್ದ. ಪತಂಗದ ಜೊತೆಗೆ ಕೇಳದೇ ಬಂದದ್ದು ಒಂದು ಜರಿಗಿಡ. ಅವನ ತೋಟದಲ್ಲಿ ಲಂಡನ್ನಿನ ಹೊಗೆಗೆ ಜರಿಗಿಡಗಳು ಸಾಯುತ್ತಿದ್ದವು; ಇದು ಮುಚ್ಚಿದ ಬಾಟಲಿಯಲ್ಲಿ ಹೊಸ ನೀರಿಲ್ಲದೆ ಸುಮಾರು ನಾಲ್ಕು ವರ್ಷ ಬಾಳಿತು. ಎಲೆ ಬಿಟ್ಟ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ. 1833ರಲ್ಲಿ ಹಡಗು ಹತ್ತಿದ ಅವನ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಜೀವಂತವಾಗಿ ಸಿಡ್ನಿ ತಲುಪಿದವು. ಮುಂದೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ.

ಗೆಳತಿ ಸುಟ್ಟ ದಂಟೆಲ್ಲ ಕತ್ತರಿಸಿ, ಬುಡವನ್ನು ಉಪ್ಪಿನಕಾಯಿಯ ದೊಡ್ಡ ಗಾಜಿನ ಬರಣಿಗೆ ಇಳಿಸಿದಳು. ನೇರ ಬಿಸಿಲು ಬೀಳದ ಕಿಟಕಿ. ಬಿಸಿಲು ಬಿದ್ದರೆ ಗಿಡ ಬರಣಿಯಲ್ಲೇ ಬೆಂದುಹೋಗುತ್ತದೆ. ಮೂರು ವಾರಕ್ಕೆ ಸುರುಳಿ ಸುತ್ತಿದ ಹೊಸ ಚಿಗುರಿನ ಫೋಟೋ ಬಂತು.

ಬದಲಿಗೆ ಅವಳು ನನಗೆ ಕೊಟ್ಟಿದ್ದು ಸ್ನೇಕ್ ಪ್ಲಾಂಟ್. ಒಣ ನಾಡಿಗೆ ಹೇಳಿ ಮಾಡಿಸಿದ ಗಿಡ: ಪತ್ರರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆಯುತ್ತದೆ. ಹಗಲಲ್ಲಿ 41 ಗ್ರಾಂ ಕೊರತೆಯಿದ್ದ ಅದೇ ಗಾಳಿ ರಾತ್ರಿ 26 ಡಿಗ್ರಿಗೆ ಇಳಿದರೆ ಕೊರತೆ 14 ಗ್ರಾಂ. ಉಸಿರಾಟದ ಖರ್ಚು ಮೂರನೇ ಒಂದು ಪಾಲು. ನಮ್ಮ ಜುಲೈಯಲ್ಲಿ ಮಾತ್ರ ಅದು ಬುಡದಿಂದ ಮೆತ್ತಗಾಗತೊಡಗಿತು. ನಾನು ಬೇಸಿಗೆಯ ಲೆಕ್ಕದಲ್ಲೇ ವಾರಕ್ಕೊಮ್ಮೆ ನೀರು ಹಾಕುತ್ತಿದ್ದೆ. ಆಟಿಯ ಗಾಳಿಗೆ ದಾಹವೇ ಇರಲಿಲ್ಲ, ಮಣ್ಣು ಒಣಗಲೇ ಇಲ್ಲ. ಕೊಳೆತ ಭಾಗ ಕತ್ತರಿಸಿ, ಉಳಿದ ಎಲೆಯನ್ನು ಮರಳಿಗೆ ಊರಿ ಅಟ್ಟದ ಮೇಲೆ, ಅಡುಗೆ ಒಲೆಯ ಕಾವು ತಾಗುವಲ್ಲಿ ಇಟ್ಟಿದ್ದೇನೆ. ಹಲಸಿನ ಹಪ್ಪಳದ ಡಬ್ಬಿಯೂ ಅಲ್ಲೇ ಇದೆ. ಹಪ್ಪಳ ಗರಿಗರಿ ಇರುವವರೆಗೆ ಗಿಡದ ಬಗ್ಗೆ ನನಗೆ ಚಿಂತೆಯಿಲ್ಲ.