ವಿದ್ಯಾರ್ಥಿಯೋ, ರೋಗಿಯೋ, ಕೆಲಸಗಾರನೋ: ಅಮೆರಿಕದ ಕ್ರೈಸ್ತ ವ್ಯಸನಮುಕ್ತಿ ಕೇಂದ್ರಗಳ ಹಿನ್ನೆಲೆ

ಅಮೆರಿಕದಲ್ಲಿ ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದವನ ಮುಂದೆ ನ್ಯಾಯಾಧೀಶರು ಕೆಲವೊಮ್ಮೆ ಎರಡು ದಾರಿಗಳನ್ನು ಇಡುತ್ತಾರೆ. ಒಂದು ಸೆರೆಮನೆ, ಇನ್ನೊಂದು ವ್ಯಸನಮುಕ್ತಿ ಕೇಂದ್ರದ ವಾಸ. ಆ ಕೇಂದ್ರ ಕ್ರೈಸ್ತ ಸಭೆಯೊಂದು ನಡೆಸುವಂಥದ್ದಾಗಿದ್ದರೆ, ಅವನು ಸಾಮಾನ್ಯವಾಗಿ 12ರಿಂದ 18 ತಿಂಗಳು ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಪ್ರಾರ್ಥನೆ ಮತ್ತು ಸತ್ಯವೇದದ (ಬೈಬಲ್ಲಿನ) ಪಾಠ, ಮಧ್ಯಾಹ್ನ ದುಡಿಮೆ, ಸಂಜೆ ಆರಾಧನೆ ಎಂಬ ದಿನಚರಿಗೆ ಒಗ್ಗಿಕೊಳ್ಳಬೇಕು. ಅಲ್ಲಿ ಅವನನ್ನು ರೋಗಿ ಎಂದು ಯಾರೂ ಕರೆಯುವುದಿಲ್ಲ. ಅವನು ವಿದ್ಯಾರ್ಥಿ, ಕಲಿಯುತ್ತಿರುವುದು ಶಿಷ್ಯತ್ವ, ಅವಧಿ ಮುಗಿಸಿದ ದಿನ ಸಿಗುವುದು ಪದವಿ. ಪರವಾನಗಿ ಬೇಕೋ ಬೇಡವೋ, ಸರ್ಕಾರದ ಹಣ ಕೊಡಬಹುದೋ ಇಲ್ಲವೋ, ದುಡಿಸಿಕೊಂಡರೆ ಕೂಲಿ ಕೊಡಬೇಕೋ ಬೇಡವೋ, ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸಬಹುದೋ ಇಲ್ಲವೋ ಎಂಬ ವಾದಗಳು ಇಂದು ಒಂದರೊಳಗೊಂದು ಸಿಕ್ಕಿಕೊಂಡು ಗೋಜಲಾಗಿವೆ. ಯಾವ ಎಳೆ ಹಿಡಿದು ಹೊರಟರೂ ಅದು ‘ವಿದ್ಯಾರ್ಥಿ’ ಎಂಬ ಆ ಒಂದು ಪದದ ಬಳಿಗೇ ಬಂದು ನಿಲ್ಲುತ್ತದೆ.

ಕುಡುಕರನ್ನು ದೇವರ ಕಡೆಗೆ ತಿರುಗಿಸಿ ಚಟ ಬಿಡಿಸುವ ಪ್ರಯತ್ನ ಹಳೆಯದು. ಸೆರೆಮನೆ ಕಂಡು ಬಂದಿದ್ದ ಜೆರ್ರಿ ಮೆಕಾಲಿ 1872ರಲ್ಲಿ ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನಲ್ಲಿ ಅಂಥದೊಂದು ಆಶ್ರಯಧಾಮ ತೆರೆದಿದ್ದ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಅದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. 1935ರಲ್ಲಿ ಹುಟ್ಟಿದ, ಕುಡಿತ ಬಿಡಲು ಕುಡುಕರೇ ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಕೂಡ ಕ್ರೈಸ್ತ ಭಕ್ತಿವಲಯವೊಂದರ ತೆಕ್ಕೆಯಿಂದಲೇ ಹೊರಬಂದದ್ದು. ಆದರೆ ಹೆರಾಯಿನ್ ವ್ಯಸನಿಯ ಪಾಡು ಕುಡುಕನಿಗಿಂತ ಬೇರೆ. 1914ರ ಹ್ಯಾರಿಸನ್ ಕಾಯ್ದೆಯ ನಂತರ ವ್ಯಸನಿಗೆ ಅಫೀಮಿನ ಜಾತಿಯ ಔಷಧ ಕೊಟ್ಟು ಸಂಭಾಳಿಸುತ್ತಿದ್ದ ವೈದ್ಯರೇ ಅಪರಾಧಿಗಳಾದರು, ಆಸ್ಪತ್ರೆಗಳು ಬಾಗಿಲು ಹಾಕಿಕೊಂಡವು. 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ತೆರೆದ ಸರ್ಕಾರಿ ಸಂಸ್ಥೆ ಅರ್ಧ ಆಸ್ಪತ್ರೆ, ಅರ್ಧ ಸೆರೆಮನೆಯಾಗಿತ್ತು. 1952ರಲ್ಲಿ ನ್ಯೂಯಾರ್ಕ್ ನಗರವು ಈಸ್ಟ್ ನದಿಯ ನಾರ್ತ್ ಬ್ರದರ್ ದ್ವೀಪದಲ್ಲಿದ್ದ ರಿವರ್‌ಸೈಡ್ ಆಸ್ಪತ್ರೆಯನ್ನು ಹದಿಹರೆಯದ ವ್ಯಸನಿಗಳಿಗೆಂದು ಮೀಸಲಿಟ್ಟಿತು. ಹಿಂದೆ ಸಾಂಕ್ರಾಮಿಕ ರೋಗಿಗಳನ್ನು ದೂರವಿಡಲು ಬಳಸುತ್ತಿದ್ದ ಜಾಗವದು. ಅಲ್ಲಿಂದ ಹೊರಬಿದ್ದ ಹುಡುಗರಲ್ಲಿ ಬಹುಪಾಲು ಎಲ್ಲರೂ ಮತ್ತೆ ಸೂಜಿ ಹಿಡಿದರು. 1963ರಲ್ಲಿ ಆಸ್ಪತ್ರೆಯನ್ನು ಮುಚ್ಚಲಾಯಿತು.

ಈ ಹಿನ್ನೆಲೆಯನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ವೈದ್ಯರು ಕೈಚೆಲ್ಲಿದ್ದ ಜಾಗಕ್ಕೆ ಪಾಸ್ಟರ್ ಬಂದರೇ ಹೊರತು, ವೈದ್ಯರನ್ನು ಪಕ್ಕಕ್ಕೆ ತಳ್ಳಿ ಬಂದದ್ದಲ್ಲ.

ಹಾಗೆ ಬಂದವರು ಡೇವಿಡ್ ವಿಲ್ಕರ್ಸನ್, ಪೆನ್ಸಿಲ್ವೇನಿಯಾದ ಫಿಲಿಪ್ಸ್‌ಬರ್ಗ್ ಎಂಬ ಸಣ್ಣ ಊರಿನ, ಪೆಂತೆಕೋಸ್ತ್ ಎಂಬ ಕ್ರೈಸ್ತ ಪಂಥದ ಪಾಸ್ಟರ್. ಹಿಂದಿನ ವರ್ಷ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಪೋಲಿಯೊ ಪೀಡಿತ ಬಾಲಕನೊಬ್ಬನನ್ನು ಕೊಂದ ಆರೋಪದ ಮೇಲೆ ವಿಚಾರಣೆಗೆ ನಿಂತಿದ್ದ ಹುಡುಗರ ರೇಖಾಚಿತ್ರವನ್ನು ಅವರು 1958ರ ಫೆಬ್ರುವರಿಯಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಕಂಡರು. ಆ ಮುಖಗಳು ಅವರನ್ನು ಬಿಡಲಿಲ್ಲ. ನ್ಯೂಯಾರ್ಕಿಗೆ ಹೋಗಿ, ನ್ಯಾಯಾಲಯದೊಳಗೆ ನ್ಯಾಯಾಧೀಶರ ಬಳಿಗೇ ನಡೆದು, ಹುಡುಗರನ್ನು ಭೇಟಿಯಾಗಲು ಅನುಮತಿ ಕೇಳಿದರು. ಸಿಬ್ಬಂದಿ ಅವರನ್ನು ಹೊರಹಾಕಿದರು. ಸತ್ಯವೇದವನ್ನು ಕೈಯಲ್ಲೆತ್ತಿ ಹಿಡಿದ ಅವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಊರಿನ ಸಭೆಯವರಿಗೆ ಮುಜುಗರ ತಂದ ಅದೇ ಚಿತ್ರ ಬೀದಿಯಲ್ಲಿ ಅವರಿಗೆ ಗುರುತಿನ ಚೀಟಿಯಾಯಿತು. ಪೊಲೀಸರು ಹೊರದಬ್ಬಿದ ಮನುಷ್ಯ ತಮ್ಮವನೇ ಇರಬೇಕೆಂದು ಗ್ಯಾಂಗಿನ ಹುಡುಗರು ಮಾತಿಗೆ ನಿಂತರು. ಮಾವ್ ಮಾವ್ ಗ್ಯಾಂಗಿನ ನಾಯಕ ನಿಕಿ ಕ್ರೂಜ್ ಅವರ ಮಾತಿಗೆ ಓಗೊಟ್ಟು ಮನಸ್ಸು ತಿರುಗಿಸಿದವರಲ್ಲಿ ಹೆಚ್ಚು ಹೆಸರಾದವರು.

1960ರಲ್ಲಿ ಬ್ರೂಕ್ಲಿನ್‌ನ ಕ್ಲಿಂಟನ್ ಅವೆನ್ಯೂದಲ್ಲಿ ವಿಲ್ಕರ್ಸನ್ ಕಟ್ಟಿದ ಟೀನ್ ಚಾಲೆಂಜ್ ಎಂಬ ಸಂಸ್ಥೆಯ ಮೊದಲ ಮನೆ ತೆರೆಯಿತು. ಗ್ಯಾಂಗಿನ ಹುಡುಗರಿಗೆಂದು ತೆರೆದದ್ದು ಬೇಗನೆ ಹೆರಾಯಿನ್ ವ್ಯಸನಿಗಳ ಮನೆಯಾಯಿತು, ಏಕೆಂದರೆ ಬಾಗಿಲು ತಟ್ಟಿದವರು ಅವರೇ. ಅಲ್ಲಿ ಹೆರಾಯಿನ್‌ಗೆ ಬದಲಾಗಿ ಕೊಟ್ಟು ಸಂಕಟ ತಗ್ಗಿಸುವ ಮೆಥಡೋನ್ ಎಂಬ ಔಷಧ ಇರಲಿಲ್ಲ, ನಿದ್ರೆಯ ಮಾತ್ರೆ ಇರಲಿಲ್ಲ, ಸಿಗರೇಟು ಕೂಡ ಇರಲಿಲ್ಲ. ಹೆರಾಯಿನ್ ನಿಂತ ಮೊದಲ ದಿನಗಳಲ್ಲಿ ದೇಹ ಬೆವರಿ, ನಡುಗಿ, ವಾಂತಿ ಮಾಡಿಕೊಳ್ಳುವಾಗ, ಅದೇ ಸಂಕಟ ದಾಟಿ ಬಂದ ಇನ್ನೊಬ್ಬ ಹಾಸಿಗೆಯ ಪಕ್ಕ ಕೂತು ಬಕೆಟ್ ಹಿಡಿಯುತ್ತಿದ್ದ, ಕಂಬಳಿ ಹೊದಿಸುತ್ತಿದ್ದ, ಪ್ರಾರ್ಥಿಸುತ್ತಿದ್ದ. ಈ ದೃಶ್ಯವನ್ನು ಮೂಢಭಕ್ತಿ ಎಂದು ತಳ್ಳಿಹಾಕುವುದು ಸುಲಭ. ಆ ಕಾಲದಲ್ಲಿ ಪೊಲೀಸ್ ಲಾಕಪ್ಪಿನ ಸಿಮೆಂಟು ನೆಲದ ಮೇಲೆ ಅದೇ ದಿನಗಳನ್ನು ಒಂಟಿಯಾಗಿ ಕಳೆದವರಿಗೆ ಹಾಗನ್ನಿಸಿರಲಾರದು. 1962ರಲ್ಲಿ ಪೆನ್ಸಿಲ್ವೇನಿಯಾದ ರೆಹ್ರರ್ಸ್‌ಬರ್ಗ್‌ನಲ್ಲಿ ಒಂದು ತೋಟದ ಮನೆ ಸೇರಿಕೊಂಡಿತು. ನಗರದಲ್ಲಿ ಕೆಲವು ತಿಂಗಳು, ಆಮೇಲೆ ಹೊಲ, ಕೊಟ್ಟಿಗೆ, ಕಸುಬು ಮತ್ತು ಸತ್ಯವೇದ. ನಂತರ ಬಂದ ನೂರಾರು ಕೇಂದ್ರಗಳ ಅಚ್ಚು ಇದೇ. 1963ರಲ್ಲಿ ವಿಲ್ಕರ್ಸನ್ ತಮ್ಮ ಅನುಭವವನ್ನು ಪುಸ್ತಕವಾಗಿಸಿದರು, 1970ರಲ್ಲಿ ಅದು ಚಲನಚಿತ್ರವಾಯಿತು, ಬ್ರೂಕ್ಲಿನ್ನಿನ ಮನೆ ಜಗತ್ತಿನ ಚರ್ಚುಗಳಿಗೆಲ್ಲ ಪರಿಚಿತವಾಯಿತು.

ನಮ್ಮಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದರ ಕೆಲವು ಚಹರೆಗಳು ಹೊಸವೆನಿಸಲಾರವು. ಭಜನೆ, ಕಟ್ಟುನಿಟ್ಟಾದ ದಿನಚರಿ, ಕುಡಿತ ಬಿಟ್ಟವರೇ ಹೊಸಬರ ಬೆನ್ನಿಗೆ ನಿಲ್ಲುವುದು, ಹೊರಬಂದ ಮೇಲೆ ನವಜೀವನ ಸಮಿತಿ. ಅಲ್ಲಿಯೂ ಬಂದವನ ಹೆಸರು ರೋಗಿಯಲ್ಲ, ಶಿಬಿರಾರ್ಥಿ. ಆದರೆ ಸುಮಾರು ಒಂದು ವಾರದ ಶಿಬಿರಕ್ಕೂ ಒಂದೂವರೆ ವರ್ಷದ ವಾಸಕ್ಕೂ ನಡುವೆ ಅಂತರ ದೊಡ್ಡದು. ವಾರದಲ್ಲಿ ಮನೆಗೆ ಮರಳುವವನ ವಿಷಯದಲ್ಲಿ ಏಳದ ಪ್ರಶ್ನೆಗಳು ಒಂದೂವರೆ ವರ್ಷ ಒಳಗಿರುವವನ ವಿಷಯದಲ್ಲಿ ಏಳುತ್ತವೆ.

ಮೊದಲನೆಯದು ಲೆಕ್ಕದ ಪ್ರಶ್ನೆ. 1968ರಲ್ಲಿ ಟೀನ್ ಚಾಲೆಂಜ್‌ನಲ್ಲಿದ್ದವರನ್ನು ಏಳು ವರ್ಷಗಳ ಬಳಿಕ ಹುಡುಕಿ ನಡೆಸಿದ ಅಧ್ಯಯನವೊಂದು 1975ರ ಹೊತ್ತಿಗೆ ಫೆಡರಲ್ ಸರ್ಕಾರದ ಹಣದಲ್ಲಿ, ಡಾ. ಕ್ಯಾಥರೀನ್ ಹೆಸ್ ಅವರ ನೇತೃತ್ವದಲ್ಲಿ ನಡೆಯಿತು. ಅದು ಬಂದವರನ್ನು ಮೂರು ಗುಂಪಾಗಿಸಿತು: ಬ್ರೂಕ್ಲಿನ್ ಹಂತದಲ್ಲೇ ಬಿಟ್ಟುಹೋದವರು, ರೆಹ್ರರ್ಸ್‌ಬರ್ಗ್‌ವರೆಗೆ ಹೋಗಿ ಬಿಟ್ಟವರು, ಪದವಿ ಮುಗಿಸಿದವರು. ಮುಗಿಸಿದವರಲ್ಲಿ 86 ಪ್ರತಿಶತ ಜನ ತಾವು ಮಾದಕ ವಸ್ತು ಮುಟ್ಟುತ್ತಿಲ್ಲವೆಂದು ಹೇಳಿದರು. ಮೂತ್ರ ಪರೀಕ್ಷೆಯಲ್ಲಿ ಅಂಥವರು 67 ಪ್ರತಿಶತ. ಅಂದಿನ ಮಟ್ಟಿಗೆ 67 ಕೂಡ ಬೆರಗಿನ ಸಂಖ್ಯೆಯೇ. ಆದರೆ ಮುಂದಿನ ನಾಲ್ಕು ದಶಕ ಕರಪತ್ರಗಳಲ್ಲಿ, ಭಾಷಣಗಳಲ್ಲಿ, ಶಾಸಕರ ಮುಂದಿನ ಹೇಳಿಕೆಗಳಲ್ಲಿ ಓಡಾಡಿದ್ದು 86. ಅದು ಕೊನೆಯವರೆಗೆ ಉಳಿದವರದ್ದು ಮಾತ್ರ, ಬಾಗಿಲೊಳಗೆ ಕಾಲಿಟ್ಟವರೆಲ್ಲರದ್ದಲ್ಲ ಎಂಬ ಮಾತು ದಾರಿಯಲ್ಲೆಲ್ಲೋ ಉದುರಿಹೋಯಿತು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶವೆಂದು ಫಲಕ ಹಾಕುವ ಶಾಲೆ ಒಂಬತ್ತನೇ ತರಗತಿಯಲ್ಲೇ ಕೈಬಿಟ್ಟ ಮಕ್ಕಳ ಲೆಕ್ಕ ಕೊಡುವುದಿಲ್ಲವಲ್ಲ, ಹಾಗೆ.

ಇದೇ ಅವಧಿಯಲ್ಲಿ ಇನ್ನೊಂದು ದಾರಿ ತೆರೆದಿತ್ತು. 1965ರಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ನ್ಯೂಯಾರ್ಕಿನಲ್ಲೇ ಮೆಥಡೋನ್ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಅಲ್ಲಿಂದ ವ್ಯಸನವನ್ನು ದೀರ್ಘಕಾಲದ ಕಾಯಿಲೆ ಎನ್ನುವವರು ಒಂದು ಕಡೆ, ಪಾಪದ ಬಂಧನ ಎನ್ನುವವರು ಇನ್ನೊಂದು ಕಡೆ ನಡೆದರು. ಒಬ್ಬರ ದೃಷ್ಟಿಯಲ್ಲಿ ಔಷಧವಾದದ್ದು ಇನ್ನೊಬ್ಬರ ದೃಷ್ಟಿಯಲ್ಲಿ ಅದೇ ಚಟದ ಇನ್ನೊಂದು ರೂಪ.

ಪರವಾನಗಿಯ ಜಗಳ ಬೀದಿಗೆ ಬಂದದ್ದು 1995ರಲ್ಲಿ, ಟೆಕ್ಸಾಸ್‌ನಲ್ಲಿ. ಸ್ಯಾನ್ ಆಂಟೋನಿಯೊದ ಟೀನ್ ಚಾಲೆಂಜ್ ಕೇಂದ್ರದಲ್ಲಿ ಅರ್ಹತೆ ಪಡೆದ ಸಮಾಲೋಚಕರಿಲ್ಲ ಎಂಬುದೂ ಸೇರಿದಂತೆ ಹಲವು ಕೊರತೆಗಳನ್ನು ಪಟ್ಟಿ ಮಾಡಿದ ರಾಜ್ಯದ ಆಯೋಗ ಅದನ್ನು ಮುಚ್ಚಿಸಲು ಹೊರಟಿತು. ಬೆಂಬಲಿಗರು ಆ ಜುಲೈನಲ್ಲಿ ಅಲಾಮೊ ಕೋಟೆಯ ಮುಂದೆ ಸೇರಿದರು. ಇಲ್ಲಿ ನಡೆಯುವುದು ಚಿಕಿತ್ಸೆಯಲ್ಲ, ಧರ್ಮೋಪದೇಶ ಎಂಬುದು ಅವರ ವಾದ. ಗವರ್ನರ್ ಜಾರ್ಜ್ ಡಬ್ಲ್ಯೂ. ಬುಷ್ ಅವರ ಪರ ನಿಂತರು, 1997ರಲ್ಲಿ ಧಾರ್ಮಿಕ ಕೇಂದ್ರಗಳಿಗೆ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ಕೇಂದ್ರ ನೋಂದಣಿ ಮಾಡಿಸಬೇಕು, ತನಗೆ ಪರವಾನಗಿ ಇಲ್ಲವೆಂದು ಬಂದವರಿಗೆ ತಿಳಿಸಬೇಕು, ವೈದ್ಯಕೀಯ ಆರೈಕೆ ಕೊಡಬಾರದು ಎಂಬುದು ಷರತ್ತು. ಚಿಕಿತ್ಸೆಯಲ್ಲ ಎಂಬ ಮಾತನ್ನು ಕಾನೂನು ಅಕ್ಷರಶಃ ಒಪ್ಪಿಕೊಂಡಂತಾಯಿತು.

ತೊಡಕಾದದ್ದು ಆಮೇಲೆ. 1996ರ ಕಲ್ಯಾಣ ಸುಧಾರಣಾ ಕಾಯ್ದೆ ಧಾರ್ಮಿಕ ಸಂಸ್ಥೆಗಳು ಸರ್ಕಾರದ ಹಣಕ್ಕೆ ಸಮಾನವಾಗಿ ಸ್ಪರ್ಧಿಸಲು ಅವಕಾಶ ಕೊಟ್ಟಿತ್ತು. 2001ರ ಜನವರಿಯಲ್ಲಿ, ಆ ಹೊತ್ತಿಗೆ ಅಧ್ಯಕ್ಷರಾಗಿದ್ದ ಬುಷ್, ಶ್ವೇತಭವನದಲ್ಲೇ ಧಾರ್ಮಿಕ ಸೇವಾಸಂಸ್ಥೆಗಳಿಗೆಂದು ಕಚೇರಿ ತೆರೆದರು. 2004ರಿಂದ ವ್ಯಸನಮುಕ್ತಿಗೆ ಬಂದವರ ಕೈಗೇ ವೋಚರ್ ಕೊಟ್ಟು, ಅವರು ಆರಿಸಿದ ಕೇಂದ್ರಕ್ಕೆ ಹಣ ಸಂದಾಯ ಮಾಡುವ 10 ಕೋಟಿ ಡಾಲರ್‌ಗಳ ಯೋಜನೆ ಆರಂಭವಾಯಿತು. ತಪಾಸಣೆಗೆ ಬಂದವರಿಗೆ ‘ಇದು ಚಿಕಿತ್ಸೆಯಲ್ಲ’, ಚಿಕಿತ್ಸೆಯ ಹಣ ಹಂಚುವವರಿಗೆ ‘ಇದು ಎಲ್ಲಕ್ಕಿಂತ ಫಲಕಾರಿ’ ಎಂಬ ಎರಡು ಉತ್ತರಗಳು ಒಂದೇ ಸೂರಿನ ಕೆಳಗೆ ಇರತೊಡಗಿದವು. ಎರಡನ್ನೂ ಪ್ರಾಮಾಣಿಕವಾಗಿಯೇ ನಂಬಿದವರು ಇದ್ದಾರೆ. ಎರಡನ್ನೂ ಕೇಳಿಸಿಕೊಂಡು ಸುಮ್ಮನಿದ್ದ ಕಚೇರಿಗಳೂ ಇವೆ.

ನ್ಯಾಯಾಲಯಗಳು ‘ಆಯ್ಕೆ’ ಎಂಬ ಪದವನ್ನು ಊರುಗೋಲು ಮಾಡಿಕೊಂಡವು. ವಿಸ್ಕಾನ್ಸಿನ್‌ನ ಪ್ರಕರಣವೊಂದರಲ್ಲಿ 2003ರಲ್ಲಿ ಮೇಲ್ಮನವಿ ನ್ಯಾಯಾಲಯ, ಪೆರೋಲ್ ಮೇಲಿರುವವನು ತಾನಾಗಿ ಒಪ್ಪಿದ್ದರೆ ಸರ್ಕಾರಿ ಖರ್ಚಿನಲ್ಲಿ ಕ್ರೈಸ್ತ ಕೇಂದ್ರಕ್ಕೆ ಕಳಿಸುವುದು ತಪ್ಪಲ್ಲ ಎಂದಿತು. ಆದರೆ ಆಯ್ಕೆ ನೆಲದ ಮೇಲೆ ಹೇಗಿರುತ್ತದೆಂಬುದು ಮಿಷಿಗನ್‌ನಲ್ಲಿ ಕಂಡಿತು. ಗಾಂಜಾ ಪ್ರಕರಣದಲ್ಲಿ ಪೆಂತೆಕೋಸ್ತ್ ಕೇಂದ್ರಕ್ಕೆ ಹೋದ ಕಥೊಲಿಕ ಯುವಕನೊಬ್ಬನ ಜಪಸರವನ್ನೂ ಪ್ರಾರ್ಥನಾ ಪುಸ್ತಕವನ್ನೂ ತೆಗೆದಿಟ್ಟುಕೊಳ್ಳಲಾಯಿತು, ಅವನ ಧರ್ಮ ಮಾಟಮಂತ್ರವೆಂದು ಹೇಳಲಾಯಿತು. ಬೇರೆ ಕಡೆ ಕಳಿಸಿ ಎಂದು ಕೇಳಿಕೊಂಡವನಿಗೆ ಸಿಕ್ಕಿದ್ದು ಸೆರೆಮನೆ. 2008ರಲ್ಲಿ ಫೆಡರಲ್ ನ್ಯಾಯಾಲಯ ಅವನ ಹಕ್ಕಿಗೆ ಭಂಗವಾಗಿದೆಯೆಂದು ತೀರ್ಮಾನಿಸಿತು. ಗಮನಿಸಬೇಕಾದದ್ದು, ಇಲ್ಲಿ ನೊಂದವನೂ ಕ್ರೈಸ್ತನೇ.

ದುಡಿಮೆಯ ಪ್ರಶ್ನೆ ಇದಕ್ಕಿಂತ ಹಳೆಯದು. ಅರ್ಕನ್ಸಾದ ಧಾರ್ಮಿಕ ಪ್ರತಿಷ್ಠಾನವೊಂದು ಹಿಂದೆ ವ್ಯಸನಿಗಳೂ ಅಪರಾಧಿಗಳೂ ಆಗಿದ್ದವರಿಂದ ಊಟ, ಬಟ್ಟೆ, ವಸತಿಯಷ್ಟಕ್ಕೇ ಪೆಟ್ರೋಲ್ ಬಂಕ್, ಹಂದಿ ಸಾಕಣೆ ಮುಂತಾದ ವ್ಯವಹಾರ ನಡೆಸುತ್ತಿತ್ತು. ತಮಗೆ ಕೂಲಿ ಬೇಡವೆಂದು ಅವರೇ ಸಾಕ್ಷಿ ನುಡಿದರೂ, 1985ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ನೌಕರರೆಂದೇ ಪರಿಗಣಿಸಿತು. ಆದರೂ ಗೆರೆ ಸ್ಪಷ್ಟವಾಗಲಿಲ್ಲ. ನ್ಯಾಯಾಲಯ ಕಳಿಸಿದವರು ಕೋಳಿ ಮಾಂಸದ ಕಾರ್ಖಾನೆಗಳಲ್ಲಿ ದುಡಿದು, ವೇತನವೆಲ್ಲ ಕೇಂದ್ರಕ್ಕೆ ಹೋಗುತ್ತಿದ್ದ ಸಂಗತಿ 2017ರಲ್ಲಿ ಒಕ್ಲಹೋಮಾದಿಂದ ವರದಿಯಾಯಿತು. ಅರ್ಕನ್ಸಾದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಹಾಗೆ ದುಡಿದವರು ಹೂಡಿದ ದಾವೆಯಲ್ಲಿ 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರು ನೌಕರರಲ್ಲವೆಂದಿತು. ಕಾರ್ಖಾನೆಯ ಸಾಲಿನಲ್ಲಿ ನಿಂತವನು ಯಾವ ಪಾಠದ ವಿದ್ಯಾರ್ಥಿ ಎಂಬುದನ್ನು ಆ ತೀರ್ಪು ಹೇಳಲಿಲ್ಲ.

ಈಗಿನ ಕಗ್ಗಂಟು ಔಷಧದ್ದು. 2021ರ ಏಪ್ರಿಲ್‌ಗೆ ಮುಗಿದ 12 ತಿಂಗಳಲ್ಲಿ ಅಮೆರಿಕದಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಸತ್ತವರ ಸಂಖ್ಯೆ 1 ಲಕ್ಷ ದಾಟಿತು, ಹೆಚ್ಚಿನವು ಹೆರಾಯಿನ್‌ಗಿಂತ ಬಹಳ ತೀವ್ರವಾದ ಫೆಂಟನಿಲ್ ಎಂಬ ಕೃತಕ ಮಾದಕದ ಸಾವುಗಳು. ತಿಂಗಳುಗಟ್ಟಲೆ ಮುಟ್ಟದೆ ಇದ್ದ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ; ಹಾಗಾಗಿ ಅರ್ಧಕ್ಕೆ ಬಿಟ್ಟು ಹೊರಬೀಳುವ ದಿನವೇ ಅತ್ಯಂತ ಅಪಾಯದ ದಿನ. 1968ರಲ್ಲಿ ಬಿಟ್ಟುಹೋದವನನ್ನು ಏಳು ವರ್ಷಗಳ ನಂತರವೂ ಹುಡುಕಬಹುದಿತ್ತು, ಫೆಂಟನಿಲ್ ಅಷ್ಟು ಕಾಲಾವಕಾಶ ಕೊಡುವುದಿಲ್ಲ. ಈ ಅಪಾಯವನ್ನು ತಗ್ಗಿಸುವ ಬ್ಯುಪ್ರಿನಾರ್ಫಿನ್ ಎಂಬ ಔಷಧಕ್ಕೆ 2002ರಲ್ಲೇ ಅನುಮೋದನೆ ಸಿಕ್ಕಿದ್ದರೂ ಹಲವು ಶಿಷ್ಯತ್ವ ಕೇಂದ್ರಗಳು ಅದನ್ನು ಒಳಗೆ ಬಿಡುವುದಿಲ್ಲ. ವೈದ್ಯರ ಸಲಹೆಯಂತೆ ಅದನ್ನು ಸೇವಿಸುವವರನ್ನು ನ್ಯಾಯಾಲಯಗಳು ತಡೆಯುವುದು, ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರನ್ನೂ ಕಾಯುವ ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವೆಂದು ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ತಿಳಿಸಿತು. ಆದರೆ ಖಾಸಗಿ ಸೇವಾಸಂಸ್ಥೆಗಳಿಗೆ ಅನ್ವಯಿಸುವ ಅದೇ ಕಾನೂನಿನ ಭಾಗದಿಂದ ಧಾರ್ಮಿಕ ಸಂಸ್ಥೆಗಳು ಹೊರಗಿವೆ. ಹೀಗಾಗಿ ‘ಮಾತ್ರೆ ಬಿಡು’ ಎಂದು ತಾವೇ ಹೇಳುವಂತಿಲ್ಲದ ನ್ಯಾಯಾಧೀಶರ ಎರಡು ದಾರಿಗಳಲ್ಲಿ ಒಂದು, ಆ ಮಾತ್ರೆಯನ್ನು ಬಾಗಿಲಲ್ಲೇ ಕೇಳಿ ತೆಗೆದಿಡುವ ಮನೆಗೆ ಹೋಗುವುದು ಇಂದಿಗೂ ಸಾಧ್ಯ.