ಶೇಕಡಾ ಇಪ್ಪತ್ತೈದು ಸರಿ, ಯಾವುದರ ಮೇಲೆ?

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಒಂದು ಪ್ಯಾಂಟಿಗೆ ಬಟ್ಟೆ, ಜಿಪ್ಪು, ಗುಂಡಿ, ಹೊಲಿಗೆ, ವಾಷಿಂಗ್ ಎಲ್ಲ ಸೇರಿ 400 ರೂಪಾಯಿ ಬಿತ್ತು ಎನ್ನಿ. 500ಕ್ಕೆ ಮಾರಿದರೆ ಲಾಭ 100. ಇದು ಶೇಕಡಾ ಎಷ್ಟು? ಅಸಲಿನ ಮೇಲೆ ಲೆಕ್ಕ ಹಾಕಿದರೆ 25, ಅದು ಮಾರ್ಕಪ್. ಮಾರಿದ ಬೆಲೆಯ ಮೇಲೆ ಹಾಕಿದರೆ 20, ಅದು ಮಾರ್ಜಿನ್. ಒಂದೇ ಜೋಳದ ರಾಶಿ ಸಣ್ಣ ಸೇರಿನಲ್ಲಿ ಐದಾಗುತ್ತದೆ, ದೊಡ್ಡ ಸೇರಿನಲ್ಲಿ ನಾಲ್ಕಾಗುತ್ತದೆ. ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ, ಬದಲಾದದ್ದು ಸೇರು.

‘400ಕ್ಕೆ 100 ಲಾಭವಾದರೆ 100ಕ್ಕೆ ಎಷ್ಟು?’ ಇದು ಹಳೆಯ ತ್ರೈರಾಶಿಕ, ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಹುಡುಕುವ ಲೆಕ್ಕ. ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಇದಕ್ಕೆ ಸೂತ್ರ ಬರೆದಿದ್ದ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದ. ಇಷ್ಟು ಹಳೆಯ ಲೆಕ್ಕ ನಮ್ಮದಾಗಿದ್ದರೂ, 25 ಏರಿಸಿ 25 ಇಳಿಸಿದರೆ ಅಸಲಿಗೆ ಬಂದು ನಿಲ್ಲುತ್ತೇವೆ ಎಂಬ ತಪ್ಪು ನಂಬಿಕೆ ಹೋಗಿಲ್ಲ. 500ಕ್ಕೆ ಶೇ 25 ರಿಯಾಯಿತಿ ಕೊಟ್ಟರೆ ಉಳಿಯುವುದು 375. ಪ್ಯಾಂಟಿಗೆ 25 ರೂಪಾಯಿ ಕೈಬಿಟ್ಟಿತು! ಏರಿಸುವಾಗ 400ರ ಸೇರು, ಇಳಿಸುವಾಗ 500ರ ಸೇರು.

ಬೀಜಗಣಿತ ಇದನ್ನು ಒಂದೇ ಸಾಲಿನಲ್ಲಿ ಬಿಡಿಸುತ್ತದೆ. ಅಸಲು ‘ಅ’, ಮಾರ್ಕಪ್ ‘ಮ’ ಆಗಿರಲಿ; ಶೇ 25 ಎಂದರೆ ಮ = 0.25.

ಬೆಲೆ = ಅ × (1 + ಮ)

ಬೆಲೆ ಗೊತ್ತಿದ್ದು ಅಸಲು ಬೇಕಾದರೆ ಕಳೆಯಬಾರದು, ಭಾಗಿಸಬೇಕು: 500 ÷ 1.25 = 400. ಮಾರ್ಜಿನ್‌ನಿಂದ ಮಾರ್ಕಪ್ ಬೇಕೆಂದರೆ ಮಾರ್ಜಿನ್ ÷ (1 − ಮಾರ್ಜಿನ್), ಅಂದರೆ 0.20 ÷ 0.80 = 0.25. ನಷ್ಟವಿಲ್ಲದೆ ಕೊಡಬಹುದಾದ ಗರಿಷ್ಠ ರಿಯಾಯಿತಿಯೂ ಈ ಮಾರ್ಜಿನ್ನೇ, ಶೇ 20.

ಸೂತ್ರ ಸರಿಯಿದ್ದರೂ ‘ಅ’ ತಪ್ಪಿದರೆ ಎಲ್ಲವೂ ತಪ್ಪುತ್ತದೆ. 100 ಪ್ಯಾಂಟಿಗೆ ಖರ್ಚು 40,000. ವಾಷಿಂಗ್‌ನಲ್ಲಿ ಬಣ್ಣ ಕೆಟ್ಟು, ಹೊಲಿಗೆ ವಾರೆಯಾಗಿ ನಾಲ್ಕು ರಿಜೆಕ್ಟ್ ಆದವು, ಅವುಗಳಿಂದ ಕಾಸೂ ಹುಟ್ಟಲಿಲ್ಲ ಎನ್ನಿ. ಆ ಖರ್ಚನ್ನು ಉಳಿದ 96 ಹೊರಬೇಕು: 40,000 ÷ 96 = 416.67. ಈಗ 500ಕ್ಕೆ ಮಾರಿದರೆ ಮಾರ್ಕಪ್ 25 ಅಲ್ಲ, 20. ಅದೇ 25 ಬೇಕಿದ್ದರೆ 416.67 × 1.25, ಚೀಟಿಯ ಮೇಲೆ ಬರೆಯಬೇಕಾದ ಬೆಲೆ 521 ರೂಪಾಯಿ.